ಅಂಚೆಯವನ ಗೆಜ್ಜೆ, ಮ್ಯಾರಥಾನ್ ಓಟಗಾರನ ಮೊಣಕಾಲು

ತುಮಕೂರು ತಾಲ್ಲೂಕಿನ ಊರ್ಡಿಗೆರೆಯ ಸೀಮೆಗೆ ದೇವರಾಯನದುರ್ಗದ ಬೆಟ್ಟಸಾಲೇ ಗುರುತು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಕಾಡಿನ ನಡುವೆ ನಾಮದ ಚಿಲುಮೆ. ಯಾತ್ರಿಕರಿಗೆ ಇದು ಹರಕೆಯ ಹಾದಿ. ಆದರೆ ಇಂಥ ಹಾದಿಯಲ್ಲಿ ಓಡುವವರಿಗೆ ಅದು ಬೇರೆಯೇ ಪರೀಕ್ಷೆ ಒಡ್ಡುತ್ತದೆ. ಏರುವಾಗ ಮೀನಖಂಡ ಬಿಗಿಯುತ್ತದೆ. ಇಳಿಯುವಾಗ ಮೊಣಕಾಲ ಚಿಪ್ಪಿನ ಸುತ್ತ ಸಣ್ಣಗೆ ಚುಚ್ಚತೊಡಗುತ್ತದೆ. ಕುಂಟುವಂಥ ನೋವಲ್ಲ, ಮರೆತುಬಿಡುವಂಥದ್ದೂ ಅಲ್ಲ. ನಿಲ್ಲಬೇಕೇ, ಮುಂದುವರಿಯಬೇಕೇ? ಇಂದು ರಾಜ್ಯದ ಊರೂರುಗಳಲ್ಲಿ ನಡೆಯುವ ಸಣ್ಣಪುಟ್ಟ ಮ್ಯಾರಥಾನ್‌ಗಳಲ್ಲಿ ಹೆಜ್ಜೆ ಹಾಕುವ ಬಹುತೇಕರನ್ನು ಕಾಡುವ ಪ್ರಶ್ನೆ ಇದು. ಇದಕ್ಕೆ ಹಳಬರು ಕಂಡುಕೊಂಡಿದ್ದ ಉತ್ತರವೊಂದರ ಸುಳಿವು ಈ ಬೆಟ್ಟದ ಹೆಸರಿನಲ್ಲೇ ಇದೆ.

ದೇವರಾಯನದುರ್ಗಕ್ಕೆ ಆ ಹೆಸರು ಬಂದದ್ದು ಇದನ್ನು ಗೆದ್ದುಕೊಂಡ ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರಿಂದ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಈ ಅರಸನ ಹೆಸರು ಇನ್ನೊಂದು ಸಂಸ್ಥೆಯೊಂದಿಗೂ ಬೆರೆತಿದೆ. ಅದು ಮೈಸೂರು ಅಂಚೆ. ರಾಜ್ಯದುದ್ದಕ್ಕೂ ಸುದ್ದಿಯನ್ನು ಕಾಲ್ನಡಿಗೆಯಲ್ಲಿ, ಅಲ್ಲ, ಕಾಲೋಟದಲ್ಲಿ ಸಾಗಿಸುತ್ತಿದ್ದ ವ್ಯವಸ್ಥೆ. ಅಂಚೆ ಅಧಿಕಾರಿಗಳು ಪತ್ರ ತಲುಪಿಸುವುದರ ಜೊತೆಗೆ ಸೀಮೆಯ ಆಗುಹೋಗುಗಳನ್ನು ಅರಸನ ಕಿವಿಗೆ ಮುಟ್ಟಿಸುವ ಗುಪ್ತಚರರೂ ಆಗಿದ್ದರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಈ ಸಂಸ್ಥೆ ಎರಡು ಶತಮಾನ ಬಾಳಿ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು.

ಚೀಲ ಕೈಬದಲಾಯಿಸುವ ಜಾಣ್ಮೆ

ಹೆಗಲ ಮೇಲೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಹಿಂದಿನ ಭಾರತದ ಅಂಚೆ ಓಟಗಾರನ ಈ ಚಿತ್ರ ಎಲ್ಲರಿಗೂ ಪರಿಚಿತ. ಗೆಜ್ಜೆಯ ಸದ್ದು ಹಾವು, ಮೃಗಗಳನ್ನು ದೂರವಿಡುತ್ತಿತ್ತು. ಓಟಗಾರ ಬರುತ್ತಿದ್ದಾನೆಂದು ಮುಂದಿನ ಕಟ್ಟೆಯವನಿಗೆ ಸೂಚನೆಯನ್ನೂ ಕೊಡುತ್ತಿತ್ತು. ಎರಡನೆಯದೇ ಇಲ್ಲಿ ಮುಖ್ಯ. ಒಬ್ಬ ಓಟಗಾರ ಸಾಮಾನ್ಯವಾಗಿ ಓಡುತ್ತಿದ್ದುದು ಐದಾರು ಮೈಲಿ, ಹೆಚ್ಚೆಂದರೆ ಎಂಟು. ಅಲ್ಲಿ ಕಾದಿದ್ದವನಿಗೆ ಚೀಲ ದಾಟಿಸಿ ದಣಿವಾರಿಸಿಕೊಳ್ಳುತ್ತಿದ್ದ. ಚೀಲ ನೂರಾರು ಮೈಲಿ ಹೋಗುತ್ತಿತ್ತು, ಮನುಷ್ಯ ಹೋಗುತ್ತಿರಲಿಲ್ಲ. ಮುಂದಿನ ವಾರವೂ, ಮುಂದಿನ ವರ್ಷವೂ ಓಡಬೇಕಾದ ಕಾಲುಗಳಿಂದ ಒಂದೇ ದಿನ ಎಲ್ಲವನ್ನೂ ಕೇಳಬಾರದೆಂಬ ಲೆಕ್ಕಾಚಾರ ಆ ವ್ಯವಸ್ಥೆಯಲ್ಲೇ ಅಡಗಿತ್ತು.

ಸೋಜಿಗವೆಂದರೆ, ಮ್ಯಾರಥಾನ್ ಓಟದ ಮೂಲಪುರುಷನೆಂದು ಹೇಳಲಾಗುವ ಗ್ರೀಸಿನ ಫಿಡಿಪ್ಪಿಡಿಸ್ ಕೂಡ ಒಬ್ಬ ಅಂಚೆಯವನೇ. ಕ್ರಿ.ಪೂ. 490ರಲ್ಲಿ ಪರ್ಷಿಯನ್ನರು ದಂಡೆತ್ತಿ ಬಂದಾಗ ನೆರವು ಕೋರಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದ ವೃತ್ತಿನಿರತ ಓಟಗಾರನೆಂದು ಹೆರೊಡೊಟಸ್ ಅವನ ಬಗ್ಗೆ ಬರೆದಿದ್ದಾನೆ. ಮ್ಯಾರಥಾನ್ ಬಯಲಿನಿಂದ ಓಡಿಬಂದು, ಗೆಲುವಿನ ಸುದ್ದಿ ಹೇಳಿ, ಕುಸಿದು ಸತ್ತ ಓಟಗಾರನ ಕಥೆ ಹೆರೊಡೊಟಸ್‌ನಲ್ಲಿ ಇಲ್ಲ. ಅದು ಶತಮಾನಗಳ ನಂತರದ ಬರಹಗಾರರ ಕೊಡುಗೆ. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ಸತ್ತವನ ಕಥೆಯನ್ನೇ.

1894ರಲ್ಲಿ ಫ್ರೆಂಚ್ ಭಾಷಾಶಾಸ್ತ್ರಜ್ಞ ಮಿಶೆಲ್ ಬ್ರೆಯಾಲ್ ಆ ಕಥೆಯ ನೆನಪಿಗೊಂದು ಓಟವಿರಲೆಂದು ಸೂಚಿಸಿ, ಬೆಳ್ಳಿಯ ಬಟ್ಟಲೊಂದನ್ನೂ ಘೋಷಿಸಿದ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆ ಬಟ್ಟಲು ಗೆದ್ದವನು ನೀರು ಹೊರುವ ಕಾಯಕದ ಸ್ಪಿರಿಡಾನ್ ಲೂಯಿಸ್. ಆಗಿನ ದೂರ ಸುಮಾರು 40 ಕಿಲೋಮೀಟರ್. ಇಂದಿನ 42.195 ಕಿಲೋಮೀಟರ್ ಬಂದದ್ದು 1908ರ ಲಂಡನ್ ಓಟದಿಂದ. ಅದು ಅಧಿಕೃತವಾದದ್ದು 1921ರಲ್ಲಿ. ಅಂದರೆ ಮ್ಯಾರಥಾನ್ ಹುಟ್ಟಿದ್ದೇ ಒಂದು ನೆನಪಿನ ಓಟವಾಗಿ.

ಆ ಪರಂಪರೆ ಮುಂದುವರಿಯಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ ದಕ್ಷಿಣ ಆಫ್ರಿಕಾದಲ್ಲಿ 1921ರಲ್ಲಿ ಶುರುವಾದ ಕಾಮ್ರೇಡ್ಸ್ ಓಟದಲ್ಲಿ ಮೊದಲ ವರ್ಷ ಹೊರಟವರು ಬರೀ 34 ಮಂದಿ, ಸುಮಾರು 90 ಕಿಲೋಮೀಟರ್ ಮುಗಿಸಿದವರು 16. ನಮ್ಮಲ್ಲಿ 2007ರಲ್ಲಿ ಆರಂಭವಾದ ಕಾವೇರಿ ಟ್ರೇಲ್ ಮ್ಯಾರಥಾನ್ ರಂಗನತಿಟ್ಟಿನ ಬಳಿ, ವಿರಿಜಾ ನಾಲೆಯ ಏರಿಯ ಮಣ್ಣುದಾರಿಯನ್ನು ಆರಿಸಿಕೊಂಡಿತು. ನದಿಗಾಗಿ, ಕೆರೆಗಾಗಿ, ಕಾಡಿಗಾಗಿ, ಒಂದು ರೋಗದ ಬಗೆಗಿನ ಅರಿವಿಗಾಗಿ ಎಂದು ಇಂದು ಓಟಗಳಿಗೆ ನೂರೆಂಟು ಆಶಯಗಳು. ದೊಡ್ಡ ನಗರದ ಜಂಗುಳಿ ಇಲ್ಲದ ಈ ಓಟಗಳಲ್ಲಿ ಒಂದು ಆತ್ಮೀಯತೆಯೂ ಇದೆ, ಅಪಾಯವೂ ಇದೆ. ಆಶಯ ದೊಡ್ಡದಾದಷ್ಟೂ ನಡುವೆ ನಿಲ್ಲುವವನಿಗೆ ತಾನು ದ್ರೋಹ ಬಗೆದೆನೆಂಬ ಅಳುಕು.

ನೋವನ್ನು ಮುಚ್ಚಿಟ್ಟವರು

ನೋವು ಮುಚ್ಚಿಟ್ಟು ಓಡಿದವರ ಚರಿತ್ರೆಯೂ ಹಳೆಯದೇ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯುದ್ದಕ್ಕೂ ಸಹಾಯಕರು ಮೊಟ್ಟೆಯ ಬಿಳಿಭಾಗ ಮತ್ತು ಬ್ರಾಂದಿಯೊಂದಿಗೆ ಸ್ಟ್ರಿಕ್ನಿನ್ ಕುಡಿಸಿದ್ದರು. ಅದು ಇಲಿಪಾಷಾಣವಾಗಿ ಬಳಸುವ ವಿಷ! ಆತ ಗುರಿ ಮುಟ್ಟಿದ್ದು ಹೆಚ್ಚುಕಡಿಮೆ ಇತರರ ತೋಳುಗಳ ಮೇಲೆ.

ಕನ್ನಡ ನೆಲದ ಓಟಗಾರನೊಬ್ಬ ಒಲಿಂಪಿಕ್ ಮ್ಯಾರಥಾನಿನಲ್ಲಿ ಕಾಣಿಸಿಕೊಂಡದ್ದು 16 ವರ್ಷಗಳ ನಂತರ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್‌ನಲ್ಲಿ ಓಡಿದರು. ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್ಖಾನಾದ ಸ್ಪರ್ಧೆಗಳಲ್ಲಿ ರೈತಾಪಿ ಓಟಗಾರರು ಬರಿಗಾಲಿನಲ್ಲಿ ಓಡಿದ ವೇಗ ಕಂಡು ಬೆರಗಾದ ದೊರಾಬ್ಜಿ ಟಾಟಾ, ಭಾರತದ ತಂಡ ಕಳಿಸುವ ಕೆಲಸಕ್ಕೆ ಮುಂದಾಗಿದ್ದರು. ಆಂಟ್ವರ್ಪ್‌ನ ದಾರಿ 42.75 ಕಿಲೋಮೀಟರ್, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್. ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷಗಳ ಆಸುಪಾಸಿನಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಜೊತೆಗಿದ್ದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಓಟ ಪೂರೈಸಲಿಲ್ಲ. ಅಂದು ಹೊರಟವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ನಡುವೆಯೇ ನಿಂತರು. ಚರಿತ್ರೆ 19ನೆಯವರನ್ನು ನೆನೆಯುತ್ತದೆ. ನಿಂತವರ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ನಿಲ್ಲುವುದು ಕಷ್ಟವಾಗಲು ಇದೂ ಒಂದು ಕಾರಣ.

ವಿಜ್ಞಾನ ಹೇಳುವುದೇನು?

ಸಣ್ಣ ನೋವಿನ ಬಗ್ಗೆ ವೈದ್ಯಲೋಕದ ಮಾತೂ ಬದಲಾಗುತ್ತ ಬಂದಿದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲೆತ್ತಿ ಇಡುವುದು ಎಂಬ ನಾಲ್ಕಂಶದ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಡಾ. ಗೇಬ್ ಮಿರ್ಕಿನ್. ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಚೇತರಿಕೆಯನ್ನು ತಡವಾಗಿಸಬಹುದೆಂದು ದಶಕಗಳ ನಂತರ ಅವರೇ ತಿದ್ದಿಕೊಂಡರು. ಹಿಮ್ಮಡಿಯ ಸ್ನಾಯುರಜ್ಜು ನೋವಿದ್ದ 38 ಮಂದಿಯ ಮೇಲೆ ಸ್ವೀಡನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ದಾರಿ ತೋರಿಸಿತು. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದುಕೊಳ್ಳುತ್ತ, ಐದನ್ನು ಮೀರದಂತೆ, ಮರುದಿನ ಬೆಳಿಗ್ಗೆಗೆ ಇಳಿಯುವಂತೆ, ವಾರದಿಂದ ವಾರಕ್ಕೆ ಏರದಂತೆ ನೋಡಿಕೊಂಡು, ಗೊತ್ತುಪಡಿಸಿದ ವ್ಯಾಯಾಮದ ಜೊತೆಗೆ ಓಟವನ್ನು ಮುಂದುವರಿಸಿದವರ ಚೇತರಿಕೆಗೆ ಅದರಿಂದ ಅಡ್ಡಿಯಾಗಲಿಲ್ಲ. ನೋವು ಬಂದೊಡನೆ ಓಟವನ್ನೇ ಬಿಡಬೇಕಿಲ್ಲ, ಆದರೆ ಅದರ ಲೆಕ್ಕ ಇಡಬೇಕು ಎಂಬುದು ಇದರ ತಾತ್ಪರ್ಯ.

ಲೆಕ್ಕವನ್ನೇ ಅಳಿಸಿಹಾಕುವುದು ನೋವಿನ ಮಾತ್ರೆ. ಓಟಕ್ಕೆ ಮುಂಚೆ ಒಂದು ನುಂಗಿ ಹೊರಡುವ ರೂಢಿ ಹಲವರಲ್ಲಿದೆ. 80 ಕಿಲೋಮೀಟರ್ ಓಟದ 89 ಮಂದಿಯನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಶೇ 52ರಷ್ಟು ಮಂದಿಗೆ ಮೂತ್ರಪಿಂಡದ ತಾತ್ಕಾಲಿಕ ಹಾನಿಯ ಲಕ್ಷಣಗಳು ಕಂಡವು. ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ 34. ಹಿಕ್ಸ್‌ಗೆ ಕುಡಿಸಿದ ವಿಷಕ್ಕೂ ಈ ಮಾತ್ರೆಗೂ ಹೋಲಿಕೆ ಇಲ್ಲ, ನಿಜ. ಆದರೆ ದೇಹದ ಬಾಯಿ ಮುಚ್ಚಿಸಿ ಓಡಬೇಕೆಂಬ ಹಟ ಎರಡರಲ್ಲೂ ಒಂದೇ.

ಇಂದಿನ ಮ್ಯಾರಥಾನ್ ಓಟಗಾರನಿಗೆ ಮುಂದಿನ ಕಟ್ಟೆಯಲ್ಲಿ ಕಾದು ನಿಂತ ಇನ್ನೊಬ್ಬ ಅಂಚೆಯವನಿಲ್ಲ. ಚೀಲವೂ ಅವನದೇ, ದೂರವೂ ಅವನದೇ. ಅದನ್ನು ದಾಟಿಸಬಹುದಾದದ್ದು ಒಬ್ಬನಿಗೆ ಮಾತ್ರ: ಮುಂದಿನ ವರ್ಷ ಅದೇ ದಾರಿಗೆ ಮರಳುವ ತನಗೆ. ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಹೆಜ್ಜೆಯ ಧಾಟಿಯೇ ಬದಲಾಗುವಷ್ಟು ಮೊಣಕಾಲು ನೊಂದಾಗ ರಸ್ತೆಬದಿಗೆ ಸರಿದು ನಿಲ್ಲುವವನು ಸೋತವನಲ್ಲ. ಚಿಕ್ಕದೇವರಾಜನ ಕಾಲದ ಅಂಚೆಯವನು ಪ್ರತಿದಿನ ಮಾಡುತ್ತಿದ್ದುದೂ ಅದನ್ನೇ. ದೇವರಾಯನದುರ್ಗದ ಏರು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.