ಅಮೆರಿಕದ ಅಂತರ್ಯುದ್ಧ: ಕಾರಣಗಳ ವಿವಾದ

1861–65ರ ಅಮೆರಿಕದ ಅಂತರ್ಯುದ್ಧಕ್ಕೆ ಮೂಲವೇನೆಂಬ ಚರ್ಚೆ ಯುದ್ಧ ಮುಗಿದೊಡನೆ ಶುರುವಾಯಿತು. ಸೋತ ದಕ್ಷಿಣದವರು ರಾಜ್ಯಗಳ ಹಕ್ಕು, ಆಮದು ಸುಂಕಗಳತ್ತ ಬೆರಳು ತೋರಿದರು. ಎಡ್ವರ್ಡ್ ಪೊಲಾರ್ಡ್‌ನ 1866ರ ಪುಸ್ತಕದಿಂದ ಈ ವಾದಕ್ಕೆ ‘ಲಾಸ್ಟ್ ಕಾಸ್’ ಎಂಬ ಹೆಸರು ನಿಂತಿತು. 20ನೇ ಶತಮಾನದಲ್ಲಿ ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ ಕೈಗಾರಿಕೆ–ಕೃಷಿ ಹಿತಾಸಕ್ತಿಗಳ ತಿಕ್ಕಾಟವನ್ನು ಕಂಡರೆ, ಜೇಮ್ಸ್ ರಾಂಡಲ್ ರಾಜಕಾರಣಿಗಳ ಎಡವಟ್ಟನ್ನು ದೂರಿದರು. ಇಂದಿನ ಬಹುಪಾಲು ಇತಿಹಾಸಕಾರರಿಗೆ ಗುಲಾಮಗಿರಿಯೇ ಮೂಲ. ಒಕ್ಕೂಟ ತೊರೆದ ದಕ್ಷಿಣದ ರಾಜ್ಯಗಳವರ ಮಾತುಗಳೇ ಇದಕ್ಕೆ ಗಟ್ಟಿ ಪುರಾವೆ. ಮಿಸಿಸಿಪಿಯ ಘೋಷಣೆ ತನ್ನ ನಿಲುವನ್ನು ನೇರವಾಗಿ ಗುಲಾಮಗಿರಿಗೆ ಬೆಸೆಯಿತು. ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಕರಿಯರ ಅಸಮಾನತೆಯೇ ಹೊಸ ಸರ್ಕಾರದ ಅಡಿಗಲ್ಲೆಂದ. ಸೌತ್ ಕೆರೊಲಿನಾದ ತಕರಾರಂತೂ, ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು ಹಿಂದಿರುಗಿಸುತ್ತಿಲ್ಲವೆಂದು. ಅಂದರೆ, ರಾಜ್ಯಗಳ ಹಕ್ಕಿನ ವಿರುದ್ಧವೇ!