ಬಾಗಿಲಾಚೆಯ ಅಪ್ಪ ಅವ್ವೆ

ನೀಲಗಿರಿಯ ನಡುವಟ್ಟಂನಲ್ಲಿ ಮಕ್ಕಳ ಹಾಡಿನ ತಂಡ ನಡೆಸುವ ನಾನು ಬುದ್ಧಿ ಹೇಳಬೇಕಾದದ್ದು ಮಕ್ಕಳಿಗಿಂತ ಹೆಚ್ಚಾಗಿ ಅವರ ಅಪ್ಪ ಅವ್ವೆಯರಿಗೆ. ಹೊತ್ತಿಗೆ ಸರಿಯಾಗಿ ಕಳಿಸಿ. ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಬೇಡಿ. ನಮ್ಮ ಮಗಳಿಗೇಕೆ ಮುಂದಿನ ಸಾಲಿಲ್ಲ ಎಂದು ಕೇಳಬೇಡಿ. ತೋಟದಲ್ಲಿ ಎಲೆ ತೂಕ ಮುಗಿಯುವವರೆಗೆ ತಾಯಂದಿರು ಬರಲಾರರು, ಹಾಗಾಗಿ ಅಭ್ಯಾಸ ಶುರುವಾಗುವುದೂ ತೂಕ ಮುಗಿದ ಮೇಲೆಯೇ.

ಈ ಬೆಟ್ಟಗಳಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಪುಸ್ತಕ ಕೊಟ್ಟು ಹಾಡಿಸುವ ಪದ್ಧತಿ ಮಿಶನ್ ಶಾಲೆಗಳ ಜೊತೆ ಬಂತು. ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಬಡಗ ಮಕ್ಕಳಿಗೆ ಶಾಲೆ ತೆರೆದ. 1846ರಲ್ಲಿ ಬಾಸೆಲ್ ಮಿಶನ್ನಿನ ವೈಗ್ಲೆ ಅಲ್ಲಿಗೆ ಬಂದ. 1849ರಲ್ಲಿ ಕ್ಯಾಸಮೇಜರ್ ತೀರಿಕೊಂಡಾಗ ಅವನ ಆಸ್ತಿ ಮಿಶನ್ನಿಗೆ ಸೇರಿತು. ಅಲ್ಲಿ ಓದಿನ ಭಾಷೆ ಕನ್ನಡ. 1890ರಲ್ಲಿ ಲೂಕನ ಸುವಾರ್ತೆ ಬಡಗ ಮಾತಿನಲ್ಲಿ ಅಚ್ಚಾದಾಗಲೂ ಲಿಪಿ ಕನ್ನಡದ್ದೇ. ಹಾಡುಗಳಲ್ಲಿ ಜರ್ಮನ್ ಧಾಟಿಯದೇ ಮೇಲುಗೈ. ಅದೇ ಮಿಶನ್ನಿನ ಕಿಟೆಲ್ ಮಾತ್ರ ಬೇರೆ ದಾರಿ ಹಿಡಿದು, 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದ.

ಹೆತ್ತವರು ಇದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿದವರಲ್ಲ. ಅದೇ ಮಿಶನ್ ಇದ್ದ ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ಅದರ ಶಾಲೆಯ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಹುಡುಗರು ದೀಕ್ಷಾಸ್ನಾನ ಪಡೆದಾಗ ಊರೇ ಎದ್ದಿತು. ಅನೇಕರು ಮಕ್ಕಳನ್ನು ಮಿಶನ್ ಶಾಲೆ ಬಿಡಿಸಿದರು. ಬಾಗಿಲಾಚೆ ನಿಂತವರಿಗೆ ಒಳಗೇನು ನಡೆಯುತ್ತಿದೆ ಎಂಬ ದಿಗಿಲು ಅಂದಿನದೇ.

ನಾನು ಹುಟ್ಟಿದ ಬಡಗರ ಹಳ್ಳಿಯಲ್ಲಿ, ನಮ್ಮ ಹಟ್ಟಿಯಲ್ಲಿ, ಆ ಬಾಗಿಲೇ ಇರಲಿಲ್ಲ. ಹಬ್ಬದ ಆಟಕ್ಕೆ ಬಿಳಿ ಮುಂಡು, ತಲೆಪಾಗು ತೊಟ್ಟ ಹಿರಿಯರು ಸುತ್ತು ಕಟ್ಟುತ್ತಿದ್ದರು. ಬಾಲದಲ್ಲಿ ಚಿಕ್ಕವರು. ಹುಡುಗನೊಬ್ಬ ಹೆಜ್ಜೆ ತಪ್ಪಿದರೆ ಪಕ್ಕದ ಮಾವ ಅವನ ಹೆಗಲ ಮೇಲೆ ಕೈಯಿಟ್ಟು ಒಂದೆರಡು ಹೆಜ್ಜೆ ಜೊತೆಗೆ ಹಾಕಿಸುತ್ತಿದ್ದ, ಹಾಡು ನಿಲ್ಲುತ್ತಿರಲಿಲ್ಲ. ಅಪ್ಪನೂ ಅದೇ ಸುತ್ತಿನಲ್ಲಿ ಕುಣಿಯುವಾಗ ಹೆತ್ತವರಿಗೆಂದು ಬೇರೆ ಕಟ್ಟಳೆ ಯಾಕೆ ಬೇಕು?

ನಡುವಟ್ಟಂಗೆ ಅಂಥ ಒಂದು ಹಟ್ಟಿಯ ಆಸರೆಯಿಲ್ಲ. 1860ರ ದಶಕದಲ್ಲಿ ಸರ್ಕಾರಿ ತೋಟಗಳ ಮೇಲ್ವಿಚಾರಕ ಮೆಕೈವರ್ ಇಲ್ಲಿ ಕ್ವಿನೈನ್ ಕೊಡುವ ಸಿಂಕೋನಾ ಮರಗಳ ತೋಟ ಎಬ್ಬಿಸಿದಾಗ ದುಡಿದವರಲ್ಲಿ ಚೀನೀ ಕೈದಿಗಳೂ ಇದ್ದರು. ಅವರನ್ನಿಟ್ಟಿದ್ದ ಜೈಲು ಊರಿನಲ್ಲಿ ಇನ್ನೂ ಇದೆ. 1964ರ ಭಾರತ-ಲಂಕಾ ಒಪ್ಪಂದದ ನಂತರ ಲಂಕೆಯಿಂದ ಮರಳಿದ ತಮಿಳರು ಈ ಜಿಲ್ಲೆಯ ಚಹಾ ತೋಟಗಳಿಗೆ ಬಂದರು. ನನ್ನ ತಂಡದಲ್ಲಿ ತಮಿಳು, ಮಲಯಾಳ, ಬಡಗ, ಕನ್ನಡ ನಾಲ್ಕೂ ಕೇಳುತ್ತವೆ. ಒಬ್ಬರ ಮನೆಯ ರೂಢಿ ಇನ್ನೊಬ್ಬರಿಗೆ ತಿಳಿಯದ ಕಡೆ ಕಟ್ಟಳೆಯನ್ನು ಬಾಯಿಬಿಟ್ಟು ಹೇಳಲೇಬೇಕು. ಅಷ್ಟರಮಟ್ಟಿಗೆ ಮಿಶನ್ನಿನ ಶಿಸ್ತು ನನಗೂ ಬೇಕು.

ಆದರೆ ಹಟ್ಟಿಯ ಕಡೆಯಿಂದಲೂ ಒಂದನ್ನು ಸೇರಿಸಿದ್ದೇನೆ: ಕರೆದೊಯ್ಯಲು ಬಂದವರು ಒಳಗೆ ಬಂದು ಪಲ್ಲವಿಗೆ ದನಿ ಕೂಡಿಸಬೇಕು. ಈ ಕಟ್ಟಳೆ ಬಂದಮೇಲೆ ಮುಂದಿನ ಸಾಲಿನ ತಗಾದೆ ಕಡಿಮೆಯಾಗಿದೆ. ಪಲ್ಲವಿಯಲ್ಲಿ ಸ್ವತಃ ತಪ್ಪಿದವರು ಮಗಳ ತಪ್ಪಿಗೆ ಗದರುವುದೂ ಕಡಿಮೆ.