ಮಳೆ ನೀರನ್ನು ಹಳ್ಳ, ಕೆರೆ, ಹೊಳೆಗೆ ಬಿಡಲು ಪರ್ಮಿಷನ್ ಬೇಕಾ? ಯಾರನ್ನು ಕೇಳಬೇಕು?

ದಾವಣಗೆರೆ: ಮುಂಗಾರು ಹತ್ತಿರ ಬಂತೆಂದರೆ ಅಂಗಡಿ, ಗಿರಣಿ, ಗ್ಯಾರೇಜಿನವರು ಅಂಗಳದಲ್ಲಿ ನೀರು ನಿಲ್ಲದಂತೆ ಪೈಪ್ ಹಾಕಿಸುವುದು ಮಾಮೂಲಿ. ಪೈಪಿನ ಇನ್ನೊಂದು ತುದಿ ಎಲ್ಲಿಗೆ ಬೀಳುತ್ತೆ ಅಂತ ಮಾತ್ರ ಮೊದಲೇ ನೋಡುವವರು ಕಡಿಮೆ. ಯಾವ ಕಚೇರಿಯ ಅನುಮತಿ ಬೇಕು ಅನ್ನೋದು ನಿರ್ಧಾರವಾಗುವುದೇ ಆ ತುದಿಯಲ್ಲಿ.

ಸೂರಿನಿಂದ ಇಳಿದ ಬರೀ ಮಳೆ ನೀರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆ ಹಿಡಿಯುವುದು ಕೊಳಚೆಯನ್ನು ಮತ್ತು ಉದ್ದಿಮೆಯ ತ್ಯಾಜ್ಯ ನೀರನ್ನು. ಆದರೆ ಸರ್ವಿಸ್ ಸ್ಟೇಷನ್ನಿನ ಆಯಿಲ್, ಗಿರಣಿಯಲ್ಲಿ ಭತ್ತ ಬೇಯಿಸಿದ ನೀರು, ಚನ್ನಗಿರಿ ಕಡೆಯ ಅಡಿಕೆ ಚೊಗರು ಅದೇ ಪೈಪಿಗೆ ಸೇರಿದವು ಅಂದರೆ ಮಳೆ ನೀರು ಅಂತ ಹೇಳಿ ಪಾರಾಗಲು ಆಗಲ್ಲ. ಅಂಥ ಹೊಸ ಪೈಪಿಗೆ, ಹಳೆಯದನ್ನು ಬದಲಿಸುವುದಕ್ಕೂ, 25ನೇ ಕಲಂ ಪ್ರಕಾರ ಮುಂಚಿತ ಸಮ್ಮತಿ ಬೇಕು.

"ಹಳ್ಳ ಒಣಗಿ ಬಿದ್ದಿದೆ, ಬಿಟ್ಟರೆ ಏನಾಯ್ತು" ಅನ್ನುವ ಮಾತು ಜಗಳೂರು ಕಡೆ ಸಹಜ. ಕಾನೂನಿನಲ್ಲಿ ಅದು ನಡೆಯಲ್ಲ. ನದಿ, ಕೆರೆಯಂತೆ ಸದ್ಯಕ್ಕೆ ಒಣಗಿರುವ ಹಳ್ಳವೂ ಕಾಯ್ದೆಯ ಲೆಕ್ಕದಲ್ಲಿ ಜಲಮೂಲವೇ, ಅಂತರ್ಜಲ ಕೂಡ. ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸಿಕೊಳ್ಳುವ ತಾಲ್ಲೂಕಿನಲ್ಲಿ ಇದು ಸಣ್ಣ ವಿಷಯವೂ ಅಲ್ಲ.

ಅರ್ಜಿ ಹೋಗಬೇಕಾದ್ದು ಮಂಡಳಿಯ ದಾವಣಗೆರೆ ಪ್ರಾದೇಶಿಕ ಕಚೇರಿಗೆ. ಉದ್ದಿಮೆ ಕಟ್ಟುವ ಮುಂಚೆ ಸ್ಥಾಪನೆಗೆ ಒಂದು, ನಡೆಸಲು ಇನ್ನೊಂದು ಸಮ್ಮತಿ. ನಕ್ಷೆಯಲ್ಲಿ ಮಳೆ ನೀರಿನ ಚರಂಡಿ ಬೇರೆ, ತೊಳೆದ ನೀರಿನ ಚರಂಡಿ ಬೇರೆ ಅಂತ ಸ್ಪಷ್ಟವಾಗಿ ತೋರಿಸಿದರೆ ಅರ್ಧ ತಲೆನೋವು ಕಡಿಮೆ. ಮಂಡಳಿ ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲೇ ಕೊಡಬೇಕು; ಅದರ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಪೂರ್ತಿ ಅರ್ಜಿ ಕೊಟ್ಟು ನಾಲ್ಕು ತಿಂಗಳಾದರೂ ಹೌದು, ಇಲ್ಲ ಅನ್ನದಿದ್ದರೆ ಸಮ್ಮತಿ ಸಿಕ್ಕಂತೆಯೇ ಎಂದು ಕಾಯ್ದೆ ಹೇಳುತ್ತೆ. ಹಾಗಾಗಿ ಸ್ವೀಕೃತಿ ಕಳೆದುಕೊಳ್ಳಬಾರದು.

ಪೇಟೆಯ ಚರಂಡಿಗೆ ಪೈಪ್ ಜೋಡಿಸುವುದಾದರೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಮುಖ್ಯಾಧಿಕಾರಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಹೊನ್ನಾಳಿಯಂಥ ಹೊಳೆ ದಂಡೆಯ ಊರಿನಲ್ಲಿ ಚರಂಡಿಗೆ ಬಿದ್ದದ್ದು ತುಂಗಭದ್ರೆ ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ನ್ಯಾಮತಿಯವರಿಗೂ ಇದೇ ನಿಯಮ.

ಕೆರೆಯಾದರೆ ಅದು ಯಾರ ಕೈಯಲ್ಲಿದೆ ಅಂತ ಮೊದಲು ವಿಚಾರಿಸಬೇಕು. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವವು ಸಾಮಾನ್ಯವಾಗಿ ಜಿಲ್ಲಾ ಪಂಚಾಯಿತಿಯವು, ದೊಡ್ಡವು ನೀರಾವರಿ ಇಲಾಖೆಗಳವು. 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಗೆ ಕಸ, ದ್ರವ ತ್ಯಾಜ್ಯ ಹಾಕುವುದನ್ನು ತಡೆಯುತ್ತೆ. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಕೊಡಬಹುದು. ಸೂಳೆಕೆರೆಯ ನೀರನ್ನು ಚನ್ನಗಿರಿಯವರಷ್ಟೇ ಅಲ್ಲ, ಚಿತ್ರದುರ್ಗದವರೂ ಕುಡಿಯುತ್ತಾರೆ.

ಎಲ್ಲಕ್ಕಿಂತ ಬಿಗಿ ಇರುವುದು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದಲ್ಲಿ. ಇಲ್ಲಿ ಕೊಳಚೆಯ ಮಾತು ಬಿಡಿ, ವನ್ಯಧಾಮದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರಿನ ಹರಿವನ್ನು ತಿರುಗಿಸುವುದು, ನಿಲ್ಲಿಸುವುದು, ಹೆಚ್ಚಿಸುವುದು ಕೂಡ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಪರ್ಮಿಟ್ ಇಲ್ಲದೆ ಆಗದು. 1972ರ ವನ್ಯಜೀವಿ ಕಾಯ್ದೆಯ 29ನೇ ಕಲಂ ಇದು. ಅಂಚಿನ ಜಮೀನಿನವರು ಕಾಲುವೆ ತೋಡುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಗಡಿ ಕೇಳುವುದು ಕ್ಷೇಮ.

ಮಂಗಳೂರು, ಉಡುಪಿ, ಕಾರವಾರ ಕಡೆ ವ್ಯಾಪಾರ ಇಟ್ಟಿರುವ ಇಲ್ಲಿನವರಿಗೆ ಇನ್ನೊಂದು ಮೆಟ್ಟಿಲು ಎದುರಾಗಬಹುದು: 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ. ಆ ವಲಯದಲ್ಲಿ ಸಂಸ್ಕರಿಸದ ತ್ಯಾಜ್ಯ ನೀರು ಬಿಡುವುದಕ್ಕೆ ನಿಷೇಧವಿದೆ. ಅಲ್ಲಿ ಪೈಪ್, ಕಟ್ಟಡದ ಕೆಲಸ ಶುರು ಮಾಡುವ ಮೊದಲು ಜಾಗ ವಲಯದೊಳಗೆ ಬರುತ್ತದೆಯೇ ಅಂತ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನೋಡಿಸಿಕೊಳ್ಳಬೇಕು.